ನಲವತ್ತು ಜಿಬಿಯ ಖರಾಬು

ನಮ್ಮ ಮನೆಗೆ ಕಂಪ್ಯೂಟರ್ ಬಂದ ಸುದ್ದಿಯನ್ನು ಹೊಸಮನೆ ಬಡಾವಣೆಯಲ್ಲಿ ಹರಡಲು ಬೇರೆಯವರ ಸಹಾಯ ಬೇಕಾಗಲಿಲ್ಲ. ನಾನೊಬ್ಬನೇ ಸಾಕಾದೆ. ಎರಡು ಸಾವಿರದ ಮೂರನೇ ಇಸವಿಯ ಮಾತು. ಟಿವಿ ಇದ್ದವರ ಬೆಲೆ ಹೋಗಿ ವರ್ಷಗಳಾಗಿದ್ದವು, ಫೋನ್ ಇದ್ದವರ ಬೆಲೆಯೂ ಇಳಿಯುತ್ತಿತ್ತು. ಗಂಗಾಧರಪ್ಪನೆಂಬ ಗುಮಾಸ್ತನಿಗೆ ನಾಲ್ಕು ಜನರ ನಡುವೆ ತಲೆ ಎತ್ತಿ ಓಡಾಡಲು ಉಳಿದಿದ್ದ ದಾರಿ ಇದೊಂದೇ.

ನಾನು ಕೆಲಸ ಮಾಡುವುದು ಭದ್ರಾವತಿಯ ಒಂದು ಸಹಕಾರ ಸಂಘದಲ್ಲಿ. ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸು ಹತ್ತುತ್ತೇನೆ, ಸಂಜೆ ಅದೇ ಮುಖಗಳ ಜೊತೆ ವಾಪಸಾಗುತ್ತೇನೆ. ಆ ಮುಖಗಳು ಅದುವರೆಗೆ ನನ್ನನ್ನು ಸರಿಯಾಗಿ ನೋಡಿರಲಿಲ್ಲ. ಆ ವಾರ ನೋಡಿದವು. ನೋಡುವ ತನಕ ನಾನು ಮಾತು ನಿಲ್ಲಿಸಲಿಲ್ಲ.

“ನಲವತ್ತು ಜಿಬಿ ಮಾರಾಯ,” ಎಂದೆ ಪಕ್ಕದ ಸೀಟಿನ ಯೋಗರಾಜನಿಗೆ. ಅವನು ಅಲ್ಲಿಯ ಕಾರ್ಖಾನೆಯಲ್ಲಿ ಫಿಟ್ಟರ್.

“ಜಿಬಿ ಅಂದ್ರೆ?”

“ಜಾಗ. ಒಳಗಿರೋ ಖಾಲಿ ಜಾಗ.”

“ಅಷ್ಟು ಜಾಗ ಇಟ್ಕೊಂಡು ಏನ್ ಮಾಡ್ತೀರಿ?”

ಜಾಗ ಇರುವವರನ್ನು ಹಾಗೆಲ್ಲ ಕೇಳಬಾರದು ಎಂದಷ್ಟೇ ಅನ್ನಿಸಿತು.

ಹೊರಗೆ ಹೇಳಿಕೊಳ್ಳಲು ಕಾರಣವೇನೋ ಇತ್ತು. ಮಗಳು ಸ್ಪಂದನಾ ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತ ಅಲ್ಲೇ ಹಾಸ್ಟೆಲಿನಲ್ಲಿದ್ದಳು. ಭದ್ರಾ ಹೊಳೆಯ ಮೀನುಗಳ ಮೇಲೆ ಪ್ರಾಜೆಕ್ಟ್ ವರದಿ ಬರೆಯುತ್ತಿದ್ದಳು. ವಾರಕ್ಕೊಮ್ಮೆ ಮನೆಗೆ ಬಂದಾಗ ಟೈಪ್ ಮಾಡಲು ಕಂಪ್ಯೂಟರ್ ಬೇಕಿತ್ತು. ಆದರೆ ನನಗೆ ನನ್ನದೇ ಒಂದು ಆಸೆಯಿತ್ತು. ನಮ್ಮ ಬಡಾವಣೆಯ ವಚನಗೋಷ್ಠಿಯಲ್ಲಿ ನನ್ನನ್ನು ಸದಾ ಕೊನೆಗೆ, ಜನ ಚಪ್ಪಲಿ ಹುಡುಕುವ ಹೊತ್ತಿಗೆ ಹಾಡಲು ಕರೆಯುತ್ತಿದ್ದರು. ನನ್ನ ಹಾಡನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಸಿ.ಡಿ. ಮಾಡಿ ಮನೆಮನೆಗೂ ಹಂಚಿದರೆ ಎಲ್ಲಿಗೆ ತಪ್ಪಿಸಿಕೊಂಡು ಹೋಗುತ್ತಾರೆ?

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದಾಗ ನನ್ನ ಕಂಠ ಚೆನ್ನಾಗಿರುತ್ತದೆ ಎಂಬುದು ನನ್ನೊಬ್ಬನ ಅಭಿಪ್ರಾಯ. ಆ ಹೊತ್ತಿನಲ್ಲಿ ಬೆರಳಿಗೆಲ್ಲ ವಿಭೂತಿ. ಮೊದಲ ದಿನವೇ ಕಪ್ಪು ಮೌಸಿನ ನೆತ್ತಿಯ ಮೇಲೆ ಮೂರು ಪಟ್ಟೆ ಬಿದ್ದವು. ನನ್ನ ಹೆಂಡತಿ ಮಹಾಂತಮ್ಮ ಅದನ್ನು ನೋಡಿ, “ಇದಕ್ಕೂ ದೀಕ್ಷೆ ಕೊಡಿಸಿದ್ರಾ? ಒರೆಸೋರು ಯಾರು?” ಎಂದು ತರಾಟೆಗೆ ತೆಗೆದುಕೊಂಡಳು. ಅದಕ್ಕೇ ಕಂಪ್ಯೂಟರ್ ಜೋಡಿಸಿಕೊಟ್ಟ ದುರ್ಗಿಗುಡಿಯ ಅಂಗಡಿಯ ಜ್ಞಾನೇಶನನ್ನು ಕರೆಸಿ, “ನಾನು ಏನನ್ನೂ ಮುಟ್ಟೋ ಹಾಗಿರಬಾರದು. ಕಂಪ್ಯೂಟರ್ ಆನ್ ಆದ ತಕ್ಷಣ ತಾನೇ ರೆಕಾರ್ಡ್ ಆಗ್ಬೇಕು,” ಎಂದೆ.

“ಕ್ವಾಲಿಟಿ ಯಾವ್ದು ಇಡ್ಲಿ ಸಾರ್?”

“ಇರೋದ್ರಲ್ಲಿ ದೊಡ್ಡದು ಇಡು. ಜಾಗಕ್ಕೇನು ಬರವಾ?”

ಸ್ವಿಚ್ಚನ್ನು ಪೂಜೆಗೆ ಕೂರುವ ಮೊದಲೇ ಹಾಕಿಟ್ಟು ಮೂರ್ನಾಲ್ಕು ದಿನ ಹಾಡಿದೆ. ನೆಗಡಿ ಬಂತು, ಗಂಟಲು ಕಟ್ಟಿತು, ಹಾಡು ನಿಂತಿತು. ಮಹಾಂತಮ್ಮ “ಶಿವ ದೊಡ್ಡವನು” ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಆಮೇಲೆ ಅವಳು ಹಳೇ ರೇಷ್ಮೆ ಸೀರೆಯಲ್ಲಿ ಜರಿ ಅಂಚಿನ ದೊಡ್ಡ ಮುಸುಕೊಂದನ್ನು ಹೊಲಿದು ಕಂಪ್ಯೂಟರಿಗೆ ತೊಡಿಸಿದಳು. ಮುಂದಿನ ಅಂಚನ್ನು ಮೇಲೆತ್ತಿದರೆ ಪರದೆ ಕಾಣುತ್ತಿತ್ತು. ಮಿಕ್ಕದ್ದೆಲ್ಲ, ಮೈಕು ಸಮೇತ, ಸೀರೆಯೊಳಗೆ ಹೋಯಿತು. ರೆಕಾರ್ಡಿಂಗ್ ವಿಷಯವನ್ನು ನಾನು ಮರೆತೆ. ಓದುಗರೂ ಸದ್ಯಕ್ಕೆ ಮರೆತರೆ ನನಗೆ ಉಪಕಾರ.

ಇಷ್ಟರಲ್ಲಿ ಭದ್ರಾವತಿಯಿಂದ ನಮ್ಮ ಮಾವ ಷಡಕ್ಷರಪ್ಪನವರು ಬಂದರು. ಸರ್ವೆ ಇಲಾಖೆಯಲ್ಲಿ ಜಮೀನು ಅಳೆದೂ ಅಳೆದೂ ನಿವೃತ್ತರಾದವರು. ಮದುವೆಯ ಪಂಕ್ತಿಯಲ್ಲಿ ಕೂತರೂ ತಮ್ಮ ಎಲೆಗೂ ಪಕ್ಕದ ಎಲೆಗೂ ನಡುವಿನ ಗಡಿ ನೋಡಿಕೊಂಡೇ ಅನ್ನಕ್ಕೆ ಕೈ ಹಾಕುತ್ತಾರೆ.

“ವಿಸ್ತೀರ್ಣ ಎಷ್ಟು ಅಳಿಯಂದ್ರೇ?” ಎಂದರು ಕಂಪ್ಯೂಟರಿನ ಸುತ್ತ ಒಂದು ಸುತ್ತು ಬಂದು.

“ನಲವತ್ತು ಜಿಬಿ ಮಾವ.”

“ತೋರ್ಸಿ.”

ಜ್ಞಾನೇಶ ಕಲಿಸಿದ್ದ ಹಾಗೆ ತೆರೆದು ತೋರಿಸಿದೆ. ಅಲ್ಲಿ ಒಟ್ಟು ಮೂವತ್ತೇಳು ಚಿಲ್ಲರೆ ಇತ್ತು.

“ಕಾಗದದಲ್ಲಿ ನಲವತ್ತು, ಸ್ಥಳದಲ್ಲಿ ಮೂವತ್ತೇಳು,” ಎಂದು ಮಾವ ಕನ್ನಡಕ ತೆಗೆದರು. ಆ ದನಿಯಲ್ಲಿ ಅವರು ಎಷ್ಟು ರೈತರನ್ನು ನಡುಗಿಸಿದ್ದರೋ. ನಾನು ಜ್ಞಾನೇಶನಿಗೆ ಫೋನ್ ಹಚ್ಚಿದೆ. ತಯಾರಿಸುವ ಕಂಪನಿಯವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಕಂಪ್ಯೂಟರ್ ಸಾವಿರದ ಇಪ್ಪತ್ತನಾಲ್ಕರ ಲೆಕ್ಕದಲ್ಲಿ ಅಳೆಯುತ್ತದೆ, ಅದಕ್ಕೇ ಎಲ್ಲರದ್ದೂ ಹೀಗೇ ಕಡಿಮೆ ಕಾಣುತ್ತದೆ ಎಂದ. ಅದನ್ನು ಮಾವನಿಗೆ ಒಪ್ಪಿಸಿದೆ.

“ಅದನ್ನ ಯಾಕೆ ಇಷ್ಟು ಸುತ್ತಿ ಬಳಸಿ ಹೇಳ್ತಾನೆ? ಖರಾಬು ಅಂತ ಹೇಳೋಕೆ ಏನಾಗಿತ್ತು?” ಎಂದರು ಮಾವ. “ಯಾವ ಸರ್ವೆ ನಂಬರಾದ್ರೂ ತಗೊಳ್ಳಿ, ಅದ್ರಲ್ಲಿ ಹಳ್ಳ, ಬಂಡೆ, ಬಂಡಿದಾರಿ ಅಂತ ಒಂದಿಷ್ಟು ಇದ್ದೇ ಇರುತ್ತೆ. ವಿಸ್ತೀರ್ಣಕ್ಕೆ ಸೇರುತ್ತೆ, ಬೇಸಾಯಕ್ಕೆ ಬರಲ್ಲ. ಕಂದಾಯನೂ ಇಲ್ಲ. ಅದು ಖರಾಬು. ಅದು ಹೋಗ್ಲಿ ಬಿಡಿ. ಉಳಿದಿದ್ದು ಒತ್ತುವರಿ ಆಗ್ದೇ ಇರೋ ಹಾಗೆ ನೋಡ್ಕೊಳ್ಳಿ.”

ಯಾವ ಗಳಿಗೆಯಲ್ಲಿ ಹಾಗೆಂದರೋ, ಮಾರನೆಯ ದಿನದಿಂದ ಒತ್ತುವರಿ ಶುರುವಾಯಿತು. ಅಥವಾ ನಾನು ನೋಡಲು ಶುರುಮಾಡಿದ್ದು ಮಾರನೆಯ ದಿನದಿಂದ. ಸಂಜೆ ಬಂದು ಖಾಲಿ ಜಾಗ ನೋಡಿದರೆ ನಿನ್ನೆಗಿಂತ ಮೂರು ಜಿಬಿ ಕಡಿಮೆ. ಮರುದಿನ ಮತ್ತೆ ಮೂರು. ಮನೆಯಲ್ಲಿ ಜನ ಇರುವಷ್ಟು ಹೊತ್ತೂ ಕಂಪ್ಯೂಟರ್ ಆನ್ ಇರುತ್ತಿತ್ತು, ಯಾಕೆಂದರೆ ಆಫ್ ಆದ ಕಂಪ್ಯೂಟರನ್ನು ತೋರಿಸಿ ಜಂಬ ಪಡುವುದು ಕಷ್ಟ. ಅದರಲ್ಲೂ ಪಕ್ಕದ ಮನೆಯ ಚೌಡಪ್ಪನವರು ಸಂಜೆಯಾದರೆ ಬಂದು, ಪರದೆಯ ಮೇಲೆ ಓಡಾಡುವ ಬಣ್ಣದ ಮೀನು ನೋಡುತ್ತ ಕಾಫಿ ಕುಡಿದು ಹೋಗುವುದು ವಾಡಿಕೆಯಾಗಿತ್ತು. ಭದ್ರಾವತಿಯ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತಗೊಂಡವರು, ಅವರಿಗೆ ಸಂಜೆ ಬೆಳಿಗ್ಗೆಯೇ ಶುರುವಾಗುತ್ತಿತ್ತು.

ಬಸ್ಸಿನಲ್ಲಿ ವಿಷಯ ತೆಗೆದೆ. “ಎಲ್ಲೋ ಲೀಕ್ ಇರ್ಬೇಕು,” ಎಂದ ಯೋಗರಾಜ, ಫಿಟ್ಟರನ ಗಾಂಭೀರ್ಯದಿಂದ. ಹಿಂದಿನ ಸೀಟಿನವರೊಬ್ಬರು ಸೆಖೆಗೆ ಆರುತ್ತದೆ ಎಂದರು. ಮೊನ್ನೆ ಮೊನ್ನೆ ನನ್ನ ನಲವತ್ತನ್ನು ಬಾಯಿಬಿಟ್ಟು ಕೇಳಿದ್ದವರು ಈಗ ಬಸ್ಸು ಹತ್ತುತ್ತಲೇ, “ಇವತ್ತೆಷ್ಟು ಉಳೀತು ಗಂಗಾಧರಪ್ಪೋರೇ?” ಎಂದು ವಿಚಾರಿಸತೊಡಗಿದರು. ಐಸಿಯುವಿನಲ್ಲಿರುವವರ ಬಗ್ಗೆ ವಿಚಾರಿಸುವ ದನಿ ಅದು.

ನಾನು ಕೈಕಟ್ಟಿ ಕೂರಲಿಲ್ಲ. ಜಾಗ ಉಳಿಸಲು ಫೈಲುಗಳ ಉದ್ದನೆಯ ಹೆಸರನ್ನೆಲ್ಲ ಒಂದೊಂದೇ ಅಕ್ಷರಕ್ಕೆ ಇಳಿಸಿದೆ. ಅಕ್ಷರದ ಗಾತ್ರವನ್ನು ಸಣ್ಣದು ಮಾಡಿದೆ. ಟೈಪ್ ಮಾಡುವಾಗ ಪದಗಳ ನಡುವೆ ಜಾಗ ಬಿಡುವುದನ್ನೇ ನಿಲ್ಲಿಸಿದೆ. ಸಂಘದ ಅಧ್ಯಕ್ಷರಿಗೆ ನಾನು ಕೊಟ್ಟ ರಜೆ ಅರ್ಜಿ ಅಂಚಿನಿಂದ ಅಂಚಿಗೆ ಒಂದೇ ಪದವಾಗಿತ್ತು. ಅವರು ಅದನ್ನು ಸಂಸ್ಕೃತವೆಂದು ತಿಳಿದು ಮಂಜೂರು ಮಾಡಿದರು. ಕಂಪ್ಯೂಟರಿನಲ್ಲಿದ್ದ ಇಸ್ಪೀಟಾಟವನ್ನೂ ತೆಗೆದುಹಾಕಿದೆ. ಅಷ್ಟು ದೊಡ್ಡ ತ್ಯಾಗಕ್ಕೂ ಜಾಗ ಒಂದು ಕೂದಲಷ್ಟೂ ಬೆಳೆಯಲಿಲ್ಲ, ತನ್ನ ಪಾಡಿಗೆ ಮೂರು ಮೂರು ಜಿಬಿಯಂತೆ ಇಳಿಯುತ್ತಲೇ ಹೋಯಿತು.

ಶನಿವಾರ ಸ್ಪಂದನಾ ಬಂದಳು. ಸೋಮವಾರ ಬೆಳಿಗ್ಗೆ ವರದಿ ಶಂಕರಘಟ್ಟದಲ್ಲಿ ಮೇಷ್ಟರ ಮೇಜಿನ ಮೇಲಿರಬೇಕಿತ್ತು, ಇಲ್ಲವಾದರೆ ಆ ವರ್ಷ ಅವಳಿಗೆ ಪರೀಕ್ಷೆ ಇಲ್ಲ. ಮೀನಿನ ಫೋಟೊಗಳನ್ನು ಜೋಡಿಸಿ ಕೊನೆಯ ಅಧ್ಯಾಯ ಟೈಪ್ ಮಾಡಿ ಸೇವ್ ಒತ್ತಿದರೆ, ಜಾಗವಿಲ್ಲ ಎಂದಿತು ಕಂಪ್ಯೂಟರ್. ಅಷ್ಟೂ ಫೋಟೊ ಫ್ಲಾಪಿಗೆ ಹಿಡಿಯುವಂತಿರಲಿಲ್ಲ.

“ಅಪ್ಪಾಜಿ, ನಲವತ್ತು ಜಿಬಿಗೆ ಏನ್ ತುಂಬಿದೀರಿ?”

“ನಾನೇನೂ ತುಂಬಿಲ್ಲವ್ವ. ಪದಗಳ ಮಧ್ಯೆ ಕೂಡ ಜಾಗ ಬಿಟ್ಟಿಲ್ಲ.”

ಅವಳು ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ನನ್ನ ಜಂಬಕ್ಕೆ ಏನಾದರೂ ಆಗಲಿ, ಮಗಳ ವರ್ಷ ಹಾಳಾಗುವುದು ಬೇಡ ಎಂದುಕೊಂಡು, ಚಪ್ಪಲಿ ಮೆಟ್ಟಿ ದುರ್ಗಿಗುಡಿಗೆ ಓಡಿದೆ. ಎರಡು ಗಂಟೆ ಕಾಯಿಸಿದ ಜ್ಞಾನೇಶ ಕತ್ತೆತ್ತದೆ, “ವೈರಸ್ ಸಾರ್. ಫಾರ್ಮ್ಯಾಟ್ ಹೊಡಿಬೇಕು. ಎಲ್ಲಾ ಹೋಗುತ್ತೆ,” ಎಂದ. “ಮಗಳ ಮೀನು?” ಎಂದೆ. “ಮೀನೂ ಹೋಗುತ್ತೆ,” ಎಂದ. ನಾಳೆ ಅಂಗಡಿ ರಜೆಯಾದರೂ ಪರವಾಗಿಲ್ಲ, ಮನೆಗೇ ಬಂದು ಒಮ್ಮೆ ನೋಡು ಎಂದು ಅವನ ಕೈ ಹಿಡಿದು ಕೇಳಿಕೊಂಡು ಬಂದೆ.

ವಾಪಸ್ ಬರುವಷ್ಟರಲ್ಲಿ ಮನೆಯಲ್ಲಿ ಮಾವ ಕೂತಿದ್ದರು. ಮೊಮ್ಮಗಳು ಅಳುತ್ತಿದ್ದಾಳೆಂದು ಮಹಾಂತಮ್ಮ ಫೋನ್ ಮಾಡಿದ್ದಳು. ಮಾವ ಸಿಕ್ಕ ಬಸ್ಸಿಗೆ ಬಂದು, ಮಹಾಂತಮ್ಮನ ಜೊತೆ ಮಾತುಕತೆ ಆಗಲೇ ಮುಗಿಸಿದ್ದರು. ನಾನು ಹೋದ ಮೇಲೆ ಸ್ಪಂದನಾ ಅದೂ ಇದೂ ಅಳಿಸಿ ಮಾಡಿಕೊಂಡ ಚೂರು ಜಾಗವೂ ಮತ್ತೆ ಮಾಯವಾಗಿತ್ತು. ತನಿಖೆ ಶುರುವಾಗಿತ್ತು.

“ಚಕ್ಕುಬಂದಿ ಹೇಳಿ,” ಎಂದರು ಮಾವ. “ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು?”

“ಮಾವ, ಅದು ಮೇಜಿನ ಮೇಲಿದೆ.”

“ಮೇಜು ಎಲ್ಲಿದೆ? ಪಕ್ಕದ ಮನೆ ಗೋಡೆಗೆ ಒತ್ತಿ ಇದೆ. ಒತ್ತುವರಿ ಮಾಡೋರು ಯಾವಾಗ್ಲೂ ಪಕ್ಕದವರೇ ಅಳಿಯಂದ್ರೇ. ನನ್ನ ಸರ್ವಿಸಲ್ಲಿ ದೂರದವನು ಬಂದು ಬೇಲಿ ಸರಿಸಿದ್ದು ಒಂದೂ ನೋಡಿಲ್ಲ. ಪಕ್ಕದವರು ಯಾರಾದ್ರೂ ಇದನ್ನ ಮುಟ್ಟಿದಾರಾ?”

ಮುಟ್ಟಿದ್ದರು. ಚೌಡಪ್ಪನವರ ಮಗಳು ಸಮತಾ ಹೋದ ವಾರ ಒಂದು ಹಾಡಿನ ಸಿ.ಡಿ. ತಂದು, ನನ್ನ ಅನುಮತಿ ಪಡೆದೇ, ಹಾಡುಗಳನ್ನು ಹಾಕಿಟ್ಟಿದ್ದಳು. ಇದನ್ನು ಹೇಳಿದ್ದೇ ತಡ, ಮಾವ ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ ನಿಂತು, “ಚೌಡಪ್ಪನವರೇ, ನಿಮ್ಮ ಕಡೆಯಿಂದ ಒತ್ತುವರಿ ಆಗಿದೆ. ತೆರವು ಮಾಡ್ಬೇಕು,” ಎಂದು ಘೋಷಿಸಿಬಿಟ್ಟರು.

ಚೌಡಪ್ಪನವರ ಹೆಂಡತಿ ಮಾಸ್ತಮ್ಮ ಪೊರಕೆ ಹಿಡಿದೇ ಹೊರಗೆ ಬಂದರು. “ಏನ್ ಸ್ವಾಮಿ, ಗೋಡೆ ನಮ್ಮ ಕಡೆ ಒಂದಡಿ ಬಂದಿದೆ ಅಂತ ನಾವು ಯಾವತ್ತಾದ್ರೂ ಬಾಯಿ ಬಿಟ್ಟಿದೀವಾ?”

ಮಾವನ ಕಿವಿ ನೆಟ್ಟಗಾಯಿತು. “ಒಂದಡಿ ಬಂದಿದ್ಯಾ? ಮಹಾಂತಿ, ಟೇಪ್ ತಗೊಂಬಾ.”

ನಾನು ಮಾವನ ತೋಳು ಹಿಡಿದು ಒಳಗೆ ಎಳೆದುಕೊಂಡು ಬರದಿದ್ದರೆ ಅಂದು ಮನೆಯಲ್ಲಿ ಒಂದು ಕೋಣೆಯೂ ಉಳಿಯುತ್ತಿರಲಿಲ್ಲ. ಚೌಡಪ್ಪನವರ ದನಿ ಹಿಂದಿನಿಂದ ಬಂತು. “ಇನ್ಮೇಲೆ ನಿಮ್ಮ ಮೀನನ್ನ ನೀವೇ ನೋಡ್ಕೊಳ್ಳಿ!”

ಸಮತಾಳ ಹಾಡುಗಳನ್ನು ಸ್ಪಂದನಾ ಅಳಿಸಿದಳು. ಸುಮಾರು ಅರ್ಧ ಜಿಬಿ ಖಾಲಿಯಾಯಿತು. ಅದೇ ಕೋಣೆಯಲ್ಲಿ ನಿಂತು ನಾನು, ಮಾವ, ಮಹಾಂತಮ್ಮ ಮೂವರೂ ತಪ್ಪು ಯಾರದ್ದು ಎಂದು ಜೋರಾಗಿ ಚರ್ಚಿಸಿದೆವು. ಅವಳು ಟೈಪ್ ಮಾಡಿ ಮುಗಿಸಿ ಸೇವ್ ಒತ್ತಿದಾಗ ಆ ಅರ್ಧ ಜಿಬಿಯೂ ಮಾಯ.

ಭಾನುವಾರ ನಮ್ಮ ನಡುಮನೆಯಲ್ಲಿ ಪಂಚಾಯಿತಿ ಸೇರಿತು. ಮಾವನೇ ಎಲ್ಲರಿಗೂ ಹೇಳಿಕಳಿಸಿದ್ದರು. ಚೌಡಪ್ಪ, ಮಾಸ್ತಮ್ಮ, ಸಮತಾ ಮುಖ ಊದಿಸಿಕೊಂಡು ಒಂದು ಗೋಡೆಗೆ ಕೂತರು, ನಾವು ಇನ್ನೊಂದು ಗೋಡೆಗೆ. ನಡುವೆ ಜ್ಞಾನೇಶ. ಅವನು ಬಂದವನೇ ನನಗೆ ಅರ್ಥವಾಗದ ಯಾವುದೋ ಎರಡು ಮೂರನ್ನು ತೆಗೆದು, ಅಷ್ಟಿಷ್ಟು ಜಾಗ ಮಾಡಿಕೊಂಡು, ವರದಿಯ ಅಕ್ಷರಗಳನ್ನಷ್ಟೇ ಫ್ಲಾಪಿಗೆ ಹಾಕಿಟ್ಟು, ಆಫ್ ಮಾಡಿ ಆನ್ ಮಾಡಿದ. ಮತ್ತೆ ಫಾರ್ಮ್ಯಾಟ್ ಎಂದು ಬಾಯಿ ತೆರೆಯುವಷ್ಟರಲ್ಲಿ ಸ್ಪಂದನಾ ಅವನ ಕೈಯಿಂದ ಮೌಸ್ ಕಿತ್ತುಕೊಂಡಳು. “ಎಲ್ಲಕ್ಕಿಂತ ದೊಡ್ಡ ಫೈಲ್ ಯಾವ್ದು ಅಂತ ಹುಡುಕೋಣ. ಅದನ್ನಾದ್ರೂ ಮಾಡಿದೀರಾ?” ಯಾರೂ ಮಾಡಿರಲಿಲ್ಲ.

ಹುಡುಕಾಟ ಮುಗಿದಾಗ ಪರದೆಯ ಮೇಲಿಂದ ಕೆಳಗಿನವರೆಗೆ ಒಂದೇ ತರಹದ ಫೈಲುಗಳು ಸಾಲುಗಟ್ಟಿ ನಿಂತವು. ಒಂದೊಂದೂ ಒಂದೊಂದು ಕೋಣ.

“ಒತ್ತುವರಿದಾರರು!” ಎಂದರು ಮಾವ. “ತೆಗಿ. ಯಾರು ಅಂತ ಗೊತ್ತಾಗ್ಲಿ. ಒಂದೊಂದನ್ನೂ ಎಲ್ಲರ ಸಮಕ್ಷಮದಲ್ಲಿ ತೆಗಿಬೇಕು.”

ಸ್ಪಂದನಾ ಒಂದನ್ನು ಒತ್ತಿದಳು. ಸ್ಪೀಕರಿನಿಂದ ನನ್ನ ದನಿ ಕೇಳಿಸಿತು. ಹಾಡಲ್ಲ, ಮಾತು.

“ನಮ್ಮ ಮಾವ ಬಂದ್ರೆ ವಾಪಸ್ ಹೋಗೋದೇ ಮರ್ತುಬಿಡ್ತಾರೆ ಚೌಡಪ್ಪೋರೇ. ಒತ್ತುವರಿ ಅಂದ್ರೆ ಅವರೇ.”

ನಾನು ನೆಲದ ರೆಡ್ ಆಕ್ಸೈಡ್‌ನಲ್ಲಿ ಇದುವರೆಗೆ ಗಮನಿಸದಿದ್ದ ಒಂದು ಬಿರುಕನ್ನು ಗಮನಿಸತೊಡಗಿದೆ. ಆಗ ನನಗೆ ಮೌಸಿನ ಮೂರು ಪಟ್ಟೆ, ಸೀರೆಯೊಳಗಿನ ಮೈಕು, “ತಾನೇ ರೆಕಾರ್ಡ್ ಆಗ್ಬೇಕು” ಎಂದ ನನ್ನ ಅಪ್ಪಣೆ ಎಲ್ಲ ಒಟ್ಟಿಗೆ ನೆನಪಾದವು. ಸಾಯಂಕಾಲ ಸಾಯಂಕಾಲ ಇಡೀ ಮನೆ ಆಡಿದ ಮಾತನ್ನೆಲ್ಲ ಅದು ಇರುವುದರಲ್ಲೇ ದೊಡ್ಡ ಕ್ವಾಲಿಟಿಯಲ್ಲಿ ನುಂಗಿ ಕೂತಿತ್ತು. ನಾವು ಜಾಗದ ಬಗ್ಗೆ ಜಗಳವಾಡಿದಷ್ಟೂ ಜಾಗ ಕಡಿಮೆಯಾಗಿತ್ತು.

“ಸಾಕು, ಅಳಿಸಿಬಿಡವ್ವ,” ಎಂದೆ.

“ಯಾಕೆ ಸಾಕು?” ಎಂದರು ಚೌಡಪ್ಪ, ಮೊದಲ ಸಲ ನಗುತ್ತ. “ಮುಂದಿಂದು ಹಾಕಮ್ಮ.”

ಮುಂದಿನದು ಅವರದ್ದೇ. “ನಿಮ್ಮ ಯಜಮಾನ್ರು ನಾನು ಮೀನು ನೋಡಕ್ಕೆ ಬರ್ತೀನಿ ಅಂದ್ಕೊಂಡವ್ರೆ. ನಾನು ಬರೋದು ನಿಮ್ಮನೆ ಕಾಫಿಗೆ ಕಣಮ್ಮ. ನಮ್ಮನೇಲಿ ಅದನ್ನ ಕಾಫಿ ಅಂತ ಹೇಳಿ ಬಿಸಿನೀರು ಕೊಡ್ತಾಳೆ.” ಮಾಸ್ತಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಚೌಡಪ್ಪನವರೂ ನನ್ನ ಬಿರುಕನ್ನೇ ನೋಡತೊಡಗಿದರು.

ಮಹಾಂತಮ್ಮ ಕಿಸಕ್ಕನೆ ನಕ್ಕಳು. ನಗಬಾರದಿತ್ತು. ಮುಂದಿನ ಫೈಲಿನಲ್ಲಿ ಅವಳು ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದಳು. “ಇವರಿಗೆ ಗಂಟಲು ಕಟ್ಟಿದ ಮೇಲೆ ಬೆಳಗ್ಗೆ ಎಷ್ಟು ನೆಮ್ಮದಿ ಗೊತ್ತೇನೇ! ಕಷಾಯ ಕಷಾಯ ಅಂತಾರೆ. ನಾನು ಬರೀ ಬೆಲ್ಲದ ನೀರು ಕಾಯಿಸಿ ಕೊಡ್ತಿದ್ದೀನಿ. ಬೇಗ ವಾಸಿಯಾಗೋದು ಬೇಡ.”

ನಾನು ಅವಳನ್ನು ನೋಡಿದೆ. ಅವಳು ಸೀರೆಯ ಮುಸುಕಿನ ಜರಿ ಸರಿಪಡಿಸಿದಳು.

ಈಗ ಎಲ್ಲ ಗೋಡೆಯವರೂ ಒಂದೇ ದನಿಯಲ್ಲಿ ಅಳಿಸಿಬಿಡು ಎಂದೆವು. ಮಾವನೊಬ್ಬರೇ ಕೈ ಎತ್ತಿದರು. “ಆಗಲ್ಲ. ಕೊನೇದನ್ನೂ ಕೇಳ್ಬೇಕು. ಅರ್ಧ ದಾಖಲೆ ನೋಡಿ ತೀರ್ಮಾನ ಮಾಡೋ ಹಾಗಿಲ್ಲ.” ತಮ್ಮ ದನಿ ಇನ್ನೂ ಬಂದಿಲ್ಲ ಎಂಬ ಧೈರ್ಯ ಅವರದ್ದು.

ಸ್ಪಂದನಾ ಕೊನೆಯದನ್ನು ಒತ್ತಿದಳು. ನಾನು ಜ್ಞಾನೇಶನ ಅಂಗಡಿಗೆ ಓಡಿದ್ದ ಹೊತ್ತಿನದು. ಮಾವ ಮಗಳ ಜೊತೆ ಮಾತಾಡುತ್ತಿದ್ದರು. “ಬೇಜಾರ್ ಮಾಡ್ಕೋಬೇಡವ್ವ. ನಿನ್ನ ಗಂಡ ಖರಾಬು. ಲೆಕ್ಕಕ್ಕೆ ಸೇರಿದಾನೆ, ಬೆಳೆ ಇಲ್ಲ, ಕಂದಾಯ ಇಲ್ಲ.”

ಚೌಡಪ್ಪನವರು ಕೆಮ್ಮಿದರು. ಮಾವ ಮುಖ ಬೇರೆ ಕಡೆ ತಿರುಗಿಸಿದರು. ನನಗೆ ನಿಜವಾಗಿ ಬೇಜಾರಾಯಿತು. ಅವರನ್ನು ಒತ್ತುವರಿ ಎಂದವನಿಗೆ ಬೇಜಾರಾಗುವ ಹಕ್ಕಿಲ್ಲ, ಆದರೂ ಆಯಿತು. ಎದ್ದು ಸ್ವಿಚ್ಚಿನ ಕಡೆ ಹೋದೆ.

“ಕೂತ್ಕೊಳ್ಳಿ ಅಳಿಯಂದ್ರೇ,” ಎಂದರು ಮಾವ, ನನ್ನ ಕಡೆ ನೋಡದೆಯೇ. “ಪೂರ್ತಿ ಕೇಳಿ.”

ಸ್ಪೀಕರಿನಲ್ಲಿ ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ ಮಾವನ ದನಿ. “ಆದ್ರೆ ಬಂಡಿದಾರಿ ಹೋಗೋದು ಖರಾಬಿನ ಮೇಲೇ. ಅದಿಲ್ದಿದ್ರೆ ಹೊಲ ಎಷ್ಟಿದ್ರೂ ಒಳಗೆ ಹೋಗೋಕೆ ದಾರಿ ಇಲ್ಲ. ನೋಡು, ಕೂಸು ಅಳ್ತು ಅಂತ ಬಿಸಿಲಲ್ಲಿ ಹೆಂಗೆ ಓಡಿದ ಅಂತ. ನೀನು, ಕೂಸು, ಇಬ್ರೂ ಇಷ್ಟು ವರ್ಷ ನಡ್ಕೊಂಡು ಬಂದಿದ್ದು ಅವನ ಮೇಲೇ.”

“ಗೊತ್ತಪ್ಪ,” ಎಂದಿತು ಮಹಾಂತಮ್ಮನ ದನಿ. “ಅದಕ್ಕೇ ನಾನು ಸ್ವಲ್ಪ ಮೆತ್ತಗೆ ತುಳೀತೀನಿ.”

ಮೊದಲು ಮಾಸ್ತಮ್ಮ ನಕ್ಕರು, ಅವರ ಹಿಂದೆ ಎಲ್ಲರೂ. ಮಹಾಂತಮ್ಮ ಮಾತ್ರ ಕಾಫಿ ಮಾಡುತ್ತೇನೆಂದು ಸರಸರ ಒಳಗೆ ಹೋದಳು. “ಚೌಡಪ್ಪೋರಿಗೆ ಎರಡು ಲೋಟ,” ಎಂದು ಕೂಗಿದೆ.

ಸ್ಪಂದನಾ ಎಲ್ಲವನ್ನೂ ಒಟ್ಟಿಗೆ ಅಳಿಸಿದಳು. ನನ್ನ ವಚನಗಳೂ ಹೋದವು, ಉಳಿಸಬೇಕೆಂದು ಯಾರೂ ಸೂಚಿಸಲಿಲ್ಲ. ಖಾಲಿ ಜಾಗ ಮೂವತ್ತು ದಾಟಿತು. ಅವಳು ಫೋಟೊಗಳನ್ನು ಮತ್ತೆ ಜೋಡಿಸಿ ವರದಿಯನ್ನು ಸೇವ್ ಮಾಡಿದಳು, ಆಯಿತು. ಇನ್ನೊಮ್ಮೆ ಮಾಡಿದಳು, ಆಗಲೂ ಆಯಿತು. ಜ್ಞಾನೇಶ ಸಿ.ಡಿ.ಯಲ್ಲೂ ಒಂದು ಪ್ರತಿ ತೆಗೆದುಕೊಟ್ಟು, “ನಾನು ಹೇಳಿದ್ನಲ್ಲ ಸಾರ್, ವೈರಸ್ ಇರಲ್ಲ ಅಂತ,” ಎಂದ. ಸೋಮವಾರ ಶಂಕರಘಟ್ಟದ ಮೊದಲ ಬಸ್ಸಿಗೆ ವರದಿ ಹೋಗುವುದು ಗ್ಯಾರಂಟಿಯಾಯಿತು.

ಕಾಫಿ ಕುಡಿಯುತ್ತ ಚೌಡಪ್ಪನವರು ಮಾವನಿಗೆ ಗೋಡೆಯ ಒಂದಡಿಯ ಹಳೇ ಕತೆಯನ್ನು ಹೇಳತೊಡಗಿದ್ದರು. ಸ್ಪಂದನಾ ಪರದೆ ನೋಡುತ್ತಿದ್ದವಳು ತಟ್ಟನೆ ಕೈ ಎತ್ತಿದಳು.

“ಜಾಗ ಮತ್ತೆ ಇಳೀತಿದೆ! ಒಂದು ಫೈಲು ಅಳಿಸೋಕೆ ಆಗಿಲ್ಲ. ಬೆಳಗ್ಗಿಂದ ಇಲ್ಲಿ ಆಡಿದ್ದೆಲ್ಲ ಈಗ್ಲೂ ರೆಕಾರ್ಡ್ ಆಗ್ತಿದೆ!”

ನಡುಮನೆಯಲ್ಲಿದ್ದವರೆಲ್ಲ ಒಟ್ಟಿಗೆ ಬಾಯಿಗೆ ಕೈ ಅಡ್ಡ ಹಿಡಿದೆವು. ಮಹಾಂತಮ್ಮ ಒಳಗಿನಿಂದ ಬಂದು, ಸೀರೆಯ ಮುಸು­ಕಿನೊಳಗೆ ಕೈ ಹಾಕಿ, ಮೈಕಿನ ತಂತಿಯನ್ನು ಎಳೆದು ಹೊರಗೆ ಹಾಕಿದಳು. ಸ್ಪಂದನಾ ಆ ಪ್ರೋಗ್ರಾಮನ್ನು ನಿಲ್ಲಿಸಿದಳು.

“ಅಪ್ಪಾಜಿ, ಇದನ್ನೂ ಅಳಿಸ್ಲಾ? ಎಲ್ಲರ ಬೈಗುಳ, ಅಜ್ಜ ಹೇಳಿದ್ದು, ಅಮ್ಮ ಹೇಳಿದ್ದು, ಸ್ಪೀಕರಲ್ಲಿ ಬಂದಿದ್ದೆಲ್ಲ ಇನ್ನೊಂದ್ಸಲ ಇದರೊಳಗಿದೆ. ಸುಮ್ನೆ ಜಾಗ ತಿನ್ನುತ್ತೆ.”

ನಾನು ಮಾವನನ್ನು ನೋಡಿದೆ. ಅವರು ಚೌಡಪ್ಪನವರ ಒಂದಡಿಯನ್ನು ಅಲ್ಲೇ ಬಿಟ್ಟು ನನ್ನನ್ನು ನೋಡುತ್ತಿದ್ದರು.

“ಇರ್ಲಿ ಬಿಡವ್ವ,” ಎಂದೆ. “ಅದನ್ನ ಖರಾಬಿಗೆ ಹಾಕು.”